ನೆಂಟನ ಪಾತ್ರ

"ಇವತ್ತು ಹೇಳಿಬಿಡಿ, ನನಗೆ ಸಾಕು ಅಂತ."

ಅವನು ಅಂಗಿಯ ಗುಂಡಿ ಹಾಕುತ್ತಿದ್ದ. ಕೈ ಅಲ್ಲೇ ನಿಂತಿತು. ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕೂತು ಉಗುರುಬೆಚ್ಚಗಿನ ನೀರನ್ನು ಚಮಚದಲ್ಲಿ ಕುಡಿಯುತ್ತಿದ್ದಳು. ಹೊಸ ಔಷಧಿ ಶುರುವಾದಾಗಿನಿಂದ ಅವಳ ಬಾಯೆಲ್ಲ ಹುಣ್ಣು.

"ಏನು ಸಾಕು?" ಎಂದು ಗೊತ್ತಿದ್ದೂ ಕೇಳಿದ.

"ಆ ಔಷಧಿ. ಉಳಿದಿರೋ ದಿನವಾದ್ರೂ ತಲೆ ತಿಳಿಯಾಗಿರಲಿ. ಬಾಯಿಗೆ ಒಂದಿಷ್ಟು ರುಚಿ ಸಿಗಲಿ. ನಿಮ್ಮ ಜತೆ ಜಗಳ ಆಡೋಕೂ ತ್ರಾಣ ಇಲ್ಲ ಈಗ."

ಅದನ್ನು ನೀನೇ ಡಾಕ್ಟರಿಗೆ ಹೇಳಬಹುದಲ್ಲ ಎಂದ. ಅವಳು ನಗಲು ಹೋಗಿ, ತುಟಿ ಉರಿದು, ಅರ್ಧಕ್ಕೇ ಬಿಟ್ಟಳು.

"ನಾನು ಹೇಳಿದ್ರೆ ಅವರು ನಿಮ್ಮ ಮುಖ ನೋಡ್ತಾರೆ. ಅದಕ್ಕೆ ನೀವೇ ಹೇಳಿ."

ಸಂಜೆ ಆಸ್ಪತ್ರೆಯಲ್ಲಿ ಮುಂದಿನ ಸುತ್ತಿನ ಔಷಧಿ ಇತ್ತು. ಅವಳ ತಂಗಿ ಅವಳನ್ನು ಕರೆದುಕೊಂಡು ಹೋಗುವುದು, ಅವನು ಕೆಲಸ ಮುಗಿಸಿ ನೇರ ಅಲ್ಲಿಗೇ ಬರುವುದು ಎಂದಾಗಿತ್ತು. "ಸಂಜೆ ನೋಡೋಣ" ಎಂದ. ನೋಡೋಣ ಎಂಬ ಮಾತನ್ನು ಊರುಗೋಲು ಮಾಡಿಕೊಂಡೇ ಅವನು ಇಷ್ಟು ವರ್ಷ ಸಂಸಾರ ನಡೆಸಿದ್ದ. ಅವಳು ಚಮಚ ಕೆಳಗಿಟ್ಟಳು.

ಅವನದು ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಯಲ್ಲಿ ದೊಡ್ಡ ಹುದ್ದೆ. ಹಾಗೆಂದು ಅವನೇನೂ ಸಂಶೋಧನೆ ಮಾಡುತ್ತಿರಲಿಲ್ಲ. ಮಾಡುವವರು ದಾರಿ ತಪ್ಪದಂತೆ ಕಾಯುವುದು ಅವನ ಕೆಲಸ. ಅಂಕಿಅಂಶ ತಿದ್ದಿದ್ದಾರೆಯೇ, ಇನ್ನೊಬ್ಬರದನ್ನು ಕದ್ದಿದ್ದಾರೆಯೇ, ರೋಗಿಗಳ ಮೇಲೆ ಹೊಸ ಔಷಧಿ ಪ್ರಯೋಗಿಸುವ ಮೊದಲು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆಯೇ, ಅವರು ಮನಸಾರೆ ಒಪ್ಪಿದ್ದಾರೆಯೇ? ಇದನ್ನೆಲ್ಲ ಅವನು ಎಷ್ಟು ಕಟ್ಟುನಿಟ್ಟಾಗಿ ನೋಡುತ್ತಿದ್ದನೆಂದರೆ ಕಚೇರಿಯವರು ಬೆನ್ನ ಹಿಂದೆ ಅವನನ್ನು ಕಾಯಿದೆಯಪ್ಪ ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಒಳಗೊಳಗೇ ಇಷ್ಟವೂ ಆಗಿತ್ತು.

ವರ್ಷಕ್ಕೊಮ್ಮೆ ಬೇರೆ ಬೇರೆ ಕಾಲೇಜು, ಆಸ್ಪತ್ರೆಗಳ ಸಂಶೋಧನಾ ಆಡಳಿತಾಧಿಕಾರಿಗಳಿಗೆ ಅವನು ತರಬೇತಿ ಕೊಡುತ್ತಿದ್ದ. ಇವತ್ತು ಅದೇ ದಿನ. ರಜೆ ಹಾಕಬಹುದಿತ್ತು. ಹಾಕಲಿಲ್ಲ. ಮನೆಯಲ್ಲಿದ್ದರೆ ಅವಳ ಎದುರು ಕೂರಬೇಕಾಗಿತ್ತು.

ಬೆಳಗಿನ ಪಾಠ ಎಂದಿನಂತೆ ನಡೆಯಿತು. ಪ್ರಾಮಾಣಿಕತೆಯ ಬಗ್ಗೆ ಅವನು ಮಾತಾಡುತ್ತಿದ್ದರೆ ಹಿಂದಿನ ಸಾಲಿನಲ್ಲಿ ಒಬ್ಬರು ಪ್ರಾಮಾಣಿಕವಾಗಿ ನಿದ್ದೆ ಹೋಗಿದ್ದರು. ಅವನು ನೋಡಿಯೂ ನೋಡದಂತಿದ್ದ. ಬಾಯಿ ತನ್ನ ಪಾಡಿಗೆ ಪಾಠ ಹೇಳುತ್ತಿತ್ತು. ಒಳಗೆ ಮಾತ್ರ ಒಂದೇ ವಾಕ್ಯ ಸುತ್ತುತ್ತಿತ್ತು: ಡಾಕ್ಟರ್, ಅವಳಿಗೆ ಸಾಕಂತೆ. ಅದನ್ನು ಹಲವು ಬಗೆಯಲ್ಲಿ ಹೇಳಿ ನೋಡಿಕೊಂಡ. ಹೇಗೆ ಹೇಳಿದರೂ ಕೊನೆಗೆ ಅವಳು ಸಾಯುತ್ತಿದ್ದಳು.

ಊಟದ ನಂತರ ನೆಂಟನ ಆಟ. ಇದು ಅವನೇ ಕಂಡುಹಿಡಿದದ್ದು, ಅವನಿಗೆ ಹೆಸರು ತಂದದ್ದು. ಕಲಿಯಲು ಬಂದವರಲ್ಲಿ ಒಬ್ಬರು ರೋಗಿ, ಇನ್ನೊಬ್ಬರು ಸಂಶೋಧಕರು. ಸಂಶೋಧಕರು ಔಷಧಿಯ ಲಾಭ, ಅಪಾಯ ಎಲ್ಲ ಹೇಳಿ, ರೋಗಿಗೆ ಏನು ಅರ್ಥವಾಯಿತು ಎಂದು ಅವರ ಮಾತಿನಲ್ಲೇ ಹೇಳಿಸಬೇಕು. ಅವನು ರೋಗಿಯ ನೆಂಟನಾಗಿ ಪಕ್ಕದಲ್ಲಿ ಕೂರುತ್ತಿದ್ದ. ರೋಗಿ ಬಾಯಿ ಬಿಡುವಷ್ಟರಲ್ಲಿ ತಾನೇ ಉತ್ತರ ಕೊಡುತ್ತಿದ್ದ. ಎಲ್ಲರೂ ಆ ಉತ್ತರಗಳನ್ನೇ ಬರೆದುಕೊಳ್ಳುತ್ತಿದ್ದರು. ಕಡೆಗೆ ಅವನು ಎದ್ದು ನಿಂತು, ನನ್ನನ್ನು ಹೊರಗೆ ಕಳಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲವಲ್ಲ, ನೀವೆಲ್ಲ ನಪಾಸು ಎಂದು ನಗುತ್ತಿದ್ದ. ಅವನನ್ನು ಇವತ್ತಿನವರೆಗೆ ಯಾರೂ ಹೊರಗೆ ಕಳಿಸಿರಲಿಲ್ಲ.

ಈ ಸಲ ರೋಗಿಯ ಪಾತ್ರ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಮಹಿಳೆಗೆ ಬಂತು. ದೊಡ್ಡ ಆಸ್ಪತ್ರೆಯೊಂದರ ಅಧಿಕಾರಿ, ಹರಟೆಮಲ್ಲಿ. ಸಂಶೋಧಕಿಯಾಗಿ ಕೂತವಳು ಕೆಲಸಕ್ಕೆ ಹೊಸಬಳು, ಮಾತು ಕಡಿಮೆ. ಆಟ ಸಲೀಸಾಗಿ ಸಾಗಿತು. ವಾಂತಿಯಾಗಬಹುದು ಎಂದಳು ಹೊಸಬಳು. ಗೊತ್ತಿದೆ, ನಾವು ಎಲ್ಲಕ್ಕೂ ತಯಾರಿದ್ದೇವೆ ಎಂದ ಅವನು. ಬಾಯಿಹುಣ್ಣು ಬರಬಹುದು ಎಂದಳು. ಅವಳು ಗಟ್ಟಿಗಿತ್ತಿ, ತಡೆದುಕೊಳ್ಳುತ್ತಾಳೆ ಎಂದ. ಯಾರೋ ನಕ್ಕರು. ಅವನ ದನಿ ಮಾತ್ರ ಎಲ್ಲೋ ಸ್ವಲ್ಪ ಜಾರಿತು.

ಹೊಸಬಳು ಬರೆಯುವುದನ್ನು ನಿಲ್ಲಿಸಿದಳು.

"ಸರ್, ನೀವು ಸ್ವಲ್ಪ ಹೊರಗಿರ್ತೀರಾ? ನಾನು ಇವರ ಹತ್ತಿರ ಮಾತಾಡ್ಬೇಕು."

ಇಲ್ಲಿಗೆ ಆಟ ಮುಗಿಯಿತು, ಶಭಾಷ್ ಎನ್ನಬೇಕಿತ್ತು ಅವನು. ಅದರ ಬದಲು ಎದ್ದು, ನಿಜವಾಗಿಯೂ ಬಾಗಿಲು ದಾಟಿ ಹೊರಗೆ ಹೋದ. ಬಾಗಿಲು ಹಿಂದಿನಿಂದ ತಾನಾಗಿ ಮುಚ್ಚಿಕೊಂಡಿತು.

ಹೊರಗೆ ಉದ್ದನೆಯ ಓಣಿ, ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳು. ಅವನಿಗೆ ಇನ್ನೊಂದು ಕೋಣೆ ನೆನಪಾಯಿತು. ಹೆಂಡತಿಯನ್ನು ಆ ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿಕೊಂಡ ದಿನ ಅಲ್ಲಿ ಒಪ್ಪಿಗೆ ಬರೆಸಿಕೊಳ್ಳುವ ಹುಡುಗಿಯೂ ಅವನಿಗೆ ಇದನ್ನೇ ಹೇಳಿದ್ದಳು, ಇನ್ನೂ ಮೆತ್ತಗೆ. ಆಗ ಅವನು ನಕ್ಕಿದ್ದ. ಈ ನಿಯಮ ಬರೆದವನೇ ನಾನಮ್ಮ ಎಂದು ಕುರ್ಚಿ ಎಳೆದುಕೊಂಡು ಕೂತಿದ್ದ. ಹುಡುಗಿಯೂ ನಕ್ಕು, ಸಾರಿ ಸರ್ ಎಂದಿದ್ದಳು. ಆಮೇಲೆ ಎಲ್ಲ ಸುಸೂತ್ರ. ಮನೆಯಲ್ಲೇ ಎಲ್ಲ ವಿವರಿಸಿದ್ದೇನೆ, ಅವಳಿಗೆ ಪೂರ್ತಿ ಒಪ್ಪಿಗೆಯಿದೆ ಎಂದು ಅವನೇ ಹೇಳಿದ್ದ. ಹೆಂಡತಿ ಹೂಂ ಎಂದಿದ್ದಳು. ಹಾಗೆನ್ನುವಾಗ ಅವಳು ಯಾರ ಕಡೆ ನೋಡುತ್ತಿದ್ದಳು ಎಂಬುದು ಎಷ್ಟು ತಡಕಿದರೂ ಅವನಿಗೆ ನೆನಪಾಗಲಿಲ್ಲ.

ಬಾಗಿಲಾಚೆಯಿಂದ ಹರಟೆಮಲ್ಲಿಯ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಮೊದಲು ಏನೋ ನಗು. ಆಮೇಲೆ ದನಿ ಇಳಿಯಿತು. ಬರೀ ಆಟ ಅದು, ಅವನೇ ಹೂಡಿದ ಆಟ. ಆದರೂ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯದೆ ಅವನು ಬಾಗಿಲಿಗೆ ಕಿವಿಗೊಟ್ಟು ನಿಂತ. ಕಣ್ಣು ತುಂಬಿ ಬಂತು. ಯಾರೋ ನಡೆದು ಬರುವ ಸದ್ದಾದಾಗ ಕನ್ನಡಕ ಒರೆಸಿಕೊಳ್ಳುವವನಂತೆ ಗೋಡೆಯ ಕಡೆ ತಿರುಗಿದ.

ಒಳಗೆ ಕರೆದಾಗ ಹೋಗಿ ಹೊಸಬಳನ್ನು ಹೊಗಳಿದ. ಚಪ್ಪಾಳೆ ಬಿತ್ತು. ಆಮೇಲೆ ಎಲ್ಲರೂ ಚಹಾಕ್ಕೆ ಏಳುತ್ತಿರುವಾಗ, ತಡೆಯಲಾರದೆ, ರೋಗಿಯಾಗಿದ್ದಾಕೆಯ ಹತ್ತಿರ ಹೋದ.

"ನಾನು ಹೊರಗಿದ್ದಾಗ ಏನು ಹೇಳಿದ್ರಿ?"

"ಅದನ್ನ ನೆಂಟರಿಗೆ ಹೇಳೋ ಹಾಗಿಲ್ವಲ್ಲ ಸರ್" ಎಂದು ಆಕೆ ನಕ್ಕಳು. "ನೀವೇ ಕಲಿಸಿದ್ದು."

ಸುತ್ತಲಿದ್ದವರೂ ನಕ್ಕರು. ಅವನೂ ನಕ್ಕ. ಇನ್ನೊಮ್ಮೆ ಕೇಳಬೇಕು, ಗೋಗರೆದಾದರೂ ಕೇಳಬೇಕು ಎನಿಸಿತು. ಅಷ್ಟರಲ್ಲಿ ಆಕೆ ಬಿಸ್ಕತ್ತಿನ ತಟ್ಟೆಯ ಕಡೆ ಹೊರಟುಹೋಗಿದ್ದಳು.

ಆಸ್ಪತ್ರೆ ತಲುಪುವಾಗ ಬಿಸಿಲು ಇಳಿದಿತ್ತು. ಮೆಟ್ಟಿಲ ಹತ್ತಿರವೇ ಹೆಂಡತಿಯ ತಂಗಿ ಕಾಯುತ್ತಿದ್ದಳು. ಅಕ್ಕ ಒಳಗೆ ಮಲಗಿದ್ದಾಳೆ, ಬೆಳಗಿನಿಂದ ನಿಮ್ಮ ದಾರಿಯನ್ನೇ ಕಾಯುತ್ತಿದ್ದಾಳೆ ಎಂದಳು. "ಭಾವ, ಅವಳು ಹೇಳಿದ್ದನ್ನ ಹೇಳಿಬಿಡಿ. ನಿಮ್ಮ ಕಷ್ಟ ನನಗೆ ಗೊತ್ತು" ಎಂದಳು. ಅವನು ತಲೆಯಾಡಿಸಿದ. ಅವಳು ಕ್ಯಾಂಟೀನಿನ ಕಡೆ ಇಳಿದು ಹೋದಳು.

ಡಾಕ್ಟರು ಓಣಿಯಲ್ಲೇ ಎದುರಾದರು. ಪ್ರಯೋಗ ನಡೆಸುತ್ತಿದ್ದವರೂ ಅವರೇ. ಹೇಗಿದ್ದಾರೆ ಮನೆಯವರು ಎಂದು ನಡೆಯುತ್ತಲೇ ಕೇಳಿದರು. ವಾಕ್ಯ ನಾಲಿಗೆಯ ತುದಿಗೆ ಬಂತು. ಅದರ ಜತೆಗೇ ಮನೆಯೂ ಕಣ್ಣೆದುರು ಬಂತು: ಸಂಜೆ ತಾನೇ ಬೀಗ ತೆಗೆದು ಒಳಗೆ ಹೋಗುವುದು, ದೀಪ ತಾನೇ ಹಾಕಬೇಕಾಗುವುದು, ಒಳಗಿನಿಂದ ಯಾರೂ ಬಂದ್ರಾ ಎಂದು ಕೇಳದಿರುವುದು. ಅವಳನ್ನು ಕಳೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಅಷ್ಟೇ ಸಂಗತಿ.

"ಸ್ವಲ್ಪ ಸುಸ್ತು" ಎಂದ. "ಬೇರೇನಿಲ್ಲ."

"ಅದು ಇದ್ದದ್ದೇ. ನಿಮಗೆ ನಾನು ಹೇಳಿಕೊಡಬೇಕಾ" ಎಂದು ಬೆನ್ನು ತಟ್ಟಿ ಡಾಕ್ಟರು ಹೋದರು.

ಅವಳು ಕಣ್ಣು ಮುಚ್ಚಿದ್ದಳು. ಅವನು ಮಂಚದ ಪಕ್ಕ ಕೂತು ಅವಳ ಎಡಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಕೈ ತಣ್ಣಗಿತ್ತು, ಬಳೆ ಮೊಣಕೈವರೆಗೆ ಸರಿಯುವಷ್ಟು ಸಣಕಲಾಗಿತ್ತು.

"ಡಾಕ್ಟರು ಸಿಕ್ಕಿದ್ರಾ?"

"ಸಿಕ್ಕಿದ್ರು."

"ಹೇಳಿದ್ರಾ?"

"ಹೇಳಿದೆ" ಎಂದ.

ಅವಳ ಮುಖದ ಬಿಗಿ ಸಡಿಲವಾಯಿತು. ಎಷ್ಟೋ ತಿಂಗಳಿಂದ ಅವನು ಆ ಮುಖವನ್ನು ಹಾಗೆ ಕಂಡಿರಲಿಲ್ಲ. ನಾಳೆ ಎದ್ದ ಮೇಲೆ ಏನಾದರೂ ತಿಂದು ನೋಡಬೇಕು, ಹುಳಿ ಹುಳಿಯಾಗಿ ಎಂದಳು. ಹೂಂ ಎಂದ. ನಿಮಗೆ ಬೇಜಾರಾಯ್ತೇನೋ ಎಂದಳು. ಇಲ್ಲ ಎಂದ. ಅದೊಂದು ಗಳಿಗೆ ಅವರಿಬ್ಬರೂ ಸುಖವಾಗಿದ್ದರು.

ನರ್ಸ್ ಔಷಧಿಯ ಚೀಲ ಹಿಡಿದು ಒಳಗೆ ಬಂದಳು. ಅದನ್ನು ಕೊಕ್ಕೆಗೆ ತೂಗುಹಾಕಿ, ನಳಿಕೆ ಬಿಡಿಸಿ, ಶುರು ಮಾಡೋಣವಾ ಎಂದು ಹೆಂಡತಿಯನ್ನೇ ಕೇಳಿದಳು.

ಅವಳು ಚೀಲ ನೋಡಿದಳು. ಆಮೇಲೆ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಏನಾದರೂ ಅನ್ನು, ಬೈದುಬಿಡು ಎಂದು ಮನಸ್ಸಿನಲ್ಲೇ ಅಂಗಲಾಚಿದ. ಅವಳು ನರ್ಸಿನ ಕಡೆ ತಿರುಗಿ ಹೂಂ ಎಂದಳು.

ಬಲಗೈಯಲ್ಲಿ ನರ ಸಿಗಲಿಲ್ಲ. ನರ್ಸ್ ತಟ್ಟಿದಳು, ಉಜ್ಜಿದಳು, ಚುಚ್ಚಿ ಹೊರಗೆಳೆದಳು. ಹತ್ತಿಯ ಮೇಲೆ ರಕ್ತದ ಚುಕ್ಕೆ ಮೂಡಿತು. ಎಲ್ಲ ನರ ಒಣಗಿವೆಯಮ್ಮ ಎಂದು ಗೊಣಗಿದಳು.

"ಇದರಲ್ಲಿ ನೋಡಿ."

ಹಾಗೆಂದು ಹೆಂಡತಿ ಅವನ ಹಿಡಿತದಿಂದ ಎಡಗೈಯನ್ನು ಮೆಲ್ಲನೆ, ಬೆರಳು ಬೆರಳಾಗಿ ಬಿಡಿಸಿಕೊಂಡು ನರ್ಸಿಗೆ ಕೊಟ್ಟಳು. ಸೂಜಿ ಇಳಿಯಿತು. ಔಷಧಿ ತೊಟ್ಟು ತೊಟ್ಟಾಗಿ ಬೀಳತೊಡಗಿತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹೊದಿಕೆಯ ಮೇಲೆ ಅವನ ಕೈ, ಇನ್ನೂ ಏನನ್ನೋ ಹಿಡಿದುಕೊಂಡಿರುವ ಆಕಾರದಲ್ಲೇ, ಖಾಲಿಯಾಗಿ ಬಿದ್ದಿತ್ತು.