ಲಕ್ಷ್ಮಿದೇವಮ್ಮನ ಸವತಿ

ಕಾಗೆಯೊಂದು ಬಿಟ್ಟು ಮಿಕ್ಕವರೆಲ್ಲ ಬಂದಿದ್ದರು.

ಪಂಪ್‌ಸೆಟ್ ಚನ್ನಕೇಶವಯ್ಯನವರ ವರ್ಷದ ತಿಥಿ. ಆರ್.ಟಿ. ನಗರದಲ್ಲಿ ಮಗ ಅಶ್ವತ್ಥ್ ಕಟ್ಟಿಸಿದ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಬಾಳೆಯೆಲೆ ಹಾಸಿ ಎಡೆ ಇಟ್ಟು ಬಹಳ ಹೊತ್ತಾಗಿತ್ತು. ಎಲೆಯ ಮೇಲೆ ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬಾಟಲಿ. ಬಾಟಲಿಯ ಮುಚ್ಚಳವನ್ನು ಚನ್ನಕೇಶವಯ್ಯನವರ ತಂಗಿ ಚನ್ನಕ್ಕ ಮುಂದೆ ನಿಂತು ತೆಗೆಸಿದ್ದಳು. ಬದುಕಿದ್ದಷ್ಟು ಕಾಲ ಕಂಡವರ ನಟ್ಟು ಬೋಲ್ಟು ತಿರುಗಿಸಿದ ಅಣ್ಣ ಸತ್ತ ಮೇಲೂ ಮುಚ್ಚಳ ತಿರುಗಿಸುತ್ತಾ ಕೂರುವುದು ಬೇಡ ಎನ್ನುವುದು ಅವಳ ವಾದ.

ಟ್ಯಾಂಕಿನ ಮೇಲೆ ಪಾರಿವಾಳಗಳು ಸಾಲಾಗಿ ಕೂತಿದ್ದವು. ಒಂದೊಂದೇ ಕೆಳಗಿಳಿದಾಗ ಚನ್ನಕ್ಕ ಸೆರಗು ಬೀಸಿ ಓಡಿಸುತ್ತಿದ್ದಳು. ಪಾರಿವಾಳ ಮುಟ್ಟಿದರೆ ಲೆಕ್ಕಕ್ಕಿಲ್ಲ, ಕಾಗೆಯೇ ಮುಟ್ಟಬೇಕು. ಕಾಗೆ ಮುಟ್ಟಿದರೆ ಹೋದವರು ಉಂಡ ಹಾಗೆ. ಹೋದವರು ಉಂಡ ಮೇಲೆ ಇರುವವರ ಊಟ.

ಮೊಮ್ಮಗಳು ವೇದಾಳಿಗೆ ಇರುವವರದೇ ಚಿಂತೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದ ಅಜ್ಜಿ ಲಕ್ಷ್ಮಿದೇವಮ್ಮ ಬೆಳಗ್ಗೆ ಶುಗರ್ ಮಾತ್ರೆ ನುಂಗಿದವಳು ಆಮೇಲೆ ಕಾಫಿಯನ್ನೂ ಮುಟ್ಟಿರಲಿಲ್ಲ. ಮಾತ್ರೆ ನುಂಗಿ ಊಟ ಬಿಟ್ಟರೆ ಏನಾಗುತ್ತದೆ ಎಂಬುದು ವೇದಾಳಿಗೆ ಚೆನ್ನಾಗಿ ಗೊತ್ತು. ಹೋದ ದೀಪಾವಳಿಯಲ್ಲಿ ಅಜ್ಜಿ ಹೀಗೆಯೇ ಉಪವಾಸವಿದ್ದು ಅಡುಗೆಮನೆಯಲ್ಲಿ ಕುಸಿದಾಗ ಎತ್ತಿಕೊಂಡು ಹೆಬ್ಬಾಳದ ಆಸ್ಪತ್ರೆಗೆ ಓಡಿದವಳು ಅವಳೇ. ಒಂದು ಚೂರು ಕಜ್ಜಾಯವನ್ನಾದರೂ ಬಾಯಿಗೆ ಹಾಕಿಕೋ ಎಂದು ಗೋಗರೆದರೆ ಮುದುಕಿ ಮುಖ ತಿರುಗಿಸಿದಳು.

"ನಿಮ್ಮಜ್ಜ ಉಣ್ದೆ ನಾನು ಯಾವತ್ತು ಉಂಡಿದೀನಿ?" ಎಂದಳು.

ವೇದಾ ಹಲ್ಲಿನ ಡಾಕ್ಟರು, ಬಾಯಿ ತೆಗೆಸುವುದೇ ಕಸುಬು. ಆದರೂ ಈ ಬಾಯಿಯ ಮುಂದೆ ಅವಳ ಆಟ ನಡೆಯಲಿಲ್ಲ.

ಹೋದವರ ಮನಸ್ಸಿನಲ್ಲಿ ಏನಾದರೂ ಆಸೆ ಉಳಿದಿದ್ದರೆ ಕಾಗೆ ಬರುವುದಿಲ್ಲ, ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡಬೇಕು, ಸರಿಯಾದ ಮಾತು ಬಿದ್ದ ತಕ್ಷಣ ಹಾರಿ ಬರುತ್ತದೆ ಎಂದು ಚನ್ನಕ್ಕ ವಿವರಿಸಿದಳು. ವೇದಾಳ ಅಪ್ಪ ಅಶ್ವತ್ಥ್ ಹೊಸ ಪಂಚೆ ಸರಿಪಡಿಸಿಕೊಂಡು ಮುಂದೆ ಬಂದು, ಯಲಹಂಕದಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿಗೆ ಅಪ್ಪನ ಹೆಸರನ್ನೇ ಇಡುತ್ತೇನೆ ಎಂದ. ಆಕಾಶ ಖಾಲಿಯಾಗಿತ್ತು. ಹೆಸರಿನ ಹಿಂದೆ ಮುಂದೆ ಇಂಗ್ಲಿಷ್ ಏನೂ ಸೇರಿಸುವುದಿಲ್ಲ ಎಂದು ಇನ್ನೊಂದು ಮೆಟ್ಟಿಲು ಇಳಿದ. ಆಗಲೂ ಖಾಲಿ. ಕೊನೆಗೆ ಚನ್ನಕ್ಕನೇ ಕೈಮುಗಿದು, ತುಸು ತಗ್ಗಿದ ದನಿಯಲ್ಲಿ, ಅತ್ತಿಗೆಯ ಹಿತ್ತಾಳೆ ಕೊಳಗವನ್ನು ವಾಪಸ್ ಕೊಟ್ಟುಬಿಡುತ್ತೇನೆ ಎಂದಳು. ಬೆಳಗಿನಿಂದ ಮೊದಲ ಬಾರಿಗೆ ಲಕ್ಷ್ಮಿದೇವಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಆ ಕೊಳಗವನ್ನು ಅವಳು ವೇದಾ ಹುಟ್ಟುವ ಮುಂಚಿನಿಂದ ಹುಡುಕುತ್ತಿದ್ದಳು. ಕಾಗೆ ಬರದಿದ್ದರೂ ಕೊಳಗ ಬಂದಂತಾಯಿತು.

ವೇದಾಳಿಗೆ ನಗು ಬಂತು, ಜೊತೆಗೆ ಅಜ್ಜ ಇದನ್ನು ನೋಡಬೇಕಿತ್ತು ಎಂದೂ ಅನ್ನಿಸಿತು. ಅಜ್ಜನಾಗಿದ್ದರೆ ಕಾಗೆಯ ಪರವೇ ವಾದ ಮಾಡುತ್ತಿದ್ದ. ಮಾಕಳಿಯಲ್ಲಿ, ತುಮಕೂರು ರಸ್ತೆಯ ಮಗ್ಗುಲಲ್ಲಿ, ಅವನದೊಂದು ತಗಡಿನ ಶೆಡ್ಡು. ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ಟು, ಟಿಲ್ಲರು, ಮೇವು ಕತ್ತರಿಸುವ ಮಿಷಿನ್ನು ಎಲ್ಲವೂ ಕೆಟ್ಟರೆ ಅಲ್ಲಿಗೇ ಬರಬೇಕಿತ್ತು. ಕೆಟ್ಟಿದೆ ಎಂಬ ಮಾತನ್ನು ಮಾತ್ರ ಅಜ್ಜ ಒಪ್ಪುತ್ತಿರಲಿಲ್ಲ. ಮುನಿಸಿಕೊಂಡಿದೆ ಎನ್ನುತ್ತಿದ್ದ. ಬೀಡಿ ಹಚ್ಚಿ, ಯಂತ್ರದ ಎದುರು ಕುಕ್ಕರಗಾಲಲ್ಲಿ ಕೂತು, ಅದನ್ನು ಬೈದು, ರಮಿಸಿ, ಆಮೇಲೆ ಸ್ಪ್ಯಾನರಿಗೆ ಕೈಹಾಕುತ್ತಿದ್ದ. ರಿಪೇರಿ ಮುಗಿದ ಮೇಲೆ ಒಂದೆರಡು ನಟ್ಟು ಮಿಗುವುದು ಇದ್ದೇ ಇತ್ತು. ಯಾರಾದರೂ ಕೇಳಿದರೆ ಕಂಪನಿಯವರು ಜಾಸ್ತಿ ಹಾಕಿರುತ್ತಾರೆ ಎಂದು ಜೇಬಿಗೆ ಇಳಿಸುತ್ತಿದ್ದ.

ಹೊಲಗಳು ಲೇಔಟುಗಳಾದ ಮೇಲೆ ಪಂಪ್‌ಸೆಟ್ಟುಗಳು ಹೋದವು. ಶೆಡ್ಡಿನಲ್ಲಿ ಉಳಿದದ್ದು ಒಂದೇ, ಅದರ ಹಿಂದಿನ ತಮ್ಮ ಮನೆಯ ಬಾವಿಯಿಂದ ನೀರೆತ್ತುತ್ತಿದ್ದ ಹಳೆಯ ಡೀಸೆಲ್ ಇಂಜಿನ್. ಬಾವಿಗೆ ಚಪ್ಪಡಿ ಮುಚ್ಚಿದ್ದರು, ಇಂಜಿನ್ನಿಗೆ ಮಾಡಲು ಕೆಲಸವಿರಲಿಲ್ಲ. ಆದರೂ ದಿನಾ ಮಧ್ಯಾಹ್ನ ಊಟಕ್ಕೆ ಮುಂಚೆ ಅಜ್ಜ ಹ್ಯಾಂಡಲ್ ತಿರುಗಿಸಿ ಅದನ್ನು ಓಡಿಸಿ, ಎದುರಿನ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದ. ಲಕ್ಷ್ಮಿದೇವಮ್ಮ ಅದಕ್ಕೆ ನನ್ನ ಸವತಿ ಎಂದೇ ಹೆಸರಿಟ್ಟಿದ್ದಳು. ತನಗೆ ಮಂಡಿ ನೋವು ಎಂದರೆ ಗಂಡನ ಕಿವಿಗೆ ಬೀಳುವುದಿಲ್ಲ, ಅವಳು ಒಂದು ಸಲ ಕೆಮ್ಮಿದರೆ ಎಣ್ಣೆ ಹಿಡಿದುಕೊಂಡು ಓಡುತ್ತಾರೆ ಎಂದು ಬಂದವರ ಮುಂದೆಲ್ಲ ದೂರುತ್ತಿದ್ದಳು. ಶೆಡ್ಡಿನೊಳಕ್ಕೆ ಅವಳು ಕಾಲಿಟ್ಟವಳೇ ಅಲ್ಲ.

ಚಿಕ್ಕಂದಿನಲ್ಲಿ ವೇದಾ ಬೆಳೆದದ್ದು ಅಲ್ಲೇ, ಅಜ್ಜನ ಬೆನ್ನಿಗೆ ಅಂಟಿಕೊಂಡು. ಜಾಲಹಳ್ಳಿಯ ಶಾಲೆಗೆ ಅವನ ಮೊಪೆಡ್ಡಿನಲ್ಲಿ ಹೋಗುವಾಗ ಪುಸ್ತಕದ ಚೀಲ, ಸಾಮಾನಿನ ಚೀಲ ಎರಡೂ ಒಂದೇ ಹ್ಯಾಂಡಲಿಗೆ ನೇತಾಡುತ್ತಿದ್ದವು. ಒಂದು ದಿನ ಚೀಲ ಅದಲು ಬದಲಾಗಿ, ಅವಳು ಟೀಚರ ಮೇಜಿನ ಮೇಲೆ ಸ್ಪ್ಯಾನರುಗಳನ್ನು ಸುರಿದರೆ, ಅಜ್ಜ ಯಾರದೋ ಹೊಲದಲ್ಲಿ ಮಗ್ಗಿ ಪುಸ್ತಕ ಹಿಡಿದು ನಿಂತಿದ್ದ. ರಜೆಯ ದಿನಗಳಲ್ಲಿ ಅವಳಿಗೊಂದು ಕೆಲಸವಿತ್ತು. ಇಂಜಿನ್ ಓಡಿಸುವುದು ದೊಡ್ಡವರ ಕೆಲಸ, ನಿಲ್ಲಿಸುವುದು ವೇದಾಳದು. ಮಲಗಿಸು ಎಂದು ಅಜ್ಜ ಹೇಳಿದಾಗ ಅವಳು ಹೋಗಿ ವೇಗ ಇಳಿಸಿ, ಸ್ವಲ್ಪ ಹೊತ್ತು ಉಸಿರಾಡಲು ಬಿಟ್ಟು, ಆಮೇಲೆ ಲಿವರ್ ಎಳೆಯಬೇಕು.

"ಓಡ್ತಿರೋದನ್ನ ಗಬಕ್ಕಂತ ನಿಲ್ಲಿಸಬಾರ್ದು ಕಣವ್ವ, ಮೈ ಬಿಸಿ ಇರ್ತೈತೆ. ಸಮಾಧಾನ ಮಾಡಿ ಮಲಗಿಸ್ಬೇಕು."

ಅದು ಮಲಗಿದ ಮೇಲೆ ಅಜ್ಜ ಬಟ್ಟೆಯಲ್ಲಿ ಕೈ ಒರೆಸಿಕೊಂಡು ತೋರುಬೆರಳು ಚಾಚುತ್ತಿದ್ದ. ವೇದಾ ಅದನ್ನು ಹಿಡಿದುಕೊಂಡು ಹಿಂದಿನ ಮನೆಗೆ ನಡೆಯುತ್ತಿದ್ದಳು. ಅವರು ಒಳಗೆ ಕಾಲಿಡುವಷ್ಟರಲ್ಲಿ ತಟ್ಟೆಗಳು ಸಿದ್ಧವಾಗಿರುತ್ತಿದ್ದವು. ಅವಳು ಹಲ್ಲಿನ ಡಾಕ್ಟರಾದಾಗ ಅಜ್ಜ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ಒಂದೇ ಮಾತು, ನಮ್ಮ ಹುಡುಗಿಯೂ ನಮ್ಮ ಲೈನೇ, ಸೈಜು ಚಿಕ್ಕದು ಅಷ್ಟೆ.

ಇಷ್ಟು ಹೊತ್ತೂ ತಾರಸಿಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ವಹಾಬ್ ಸಾಹೇಬರು ಈಗ ಗಂಟಲು ಸರಿಮಾಡಿಕೊಂಡರು. ಮೀಸೆ ಚಿಗುರುವ ಮೊದಲೇ ಅಜ್ಜನ ಶೆಡ್ಡು ಸೇರಿ, ಕೊನೆಯ ತನಕ ಜೊತೆಗಿದ್ದವರು. ಕಾಗೆಗಳು ಬರುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತಂತೆ. ಹಿಂದೂಗಳ ತಿಥಿಯಲ್ಲಿ ಬಾಯಿ ಹಾಕುವುದು ಹೇಗೆ ಎಂದು ಸುಮ್ಮನಿದ್ದರಂತೆ.

"ಅಣ್ಣಂದು ಕಾಗೆ ಎಲ್ಲ ಮಾಕಳೀಲಿ ಇದಾವೆ ಅಶ್ವತ್ಥಪ್ಪ. ದಿನಾ ಬನ್ನು ಮುರಿದು ಹಾಕಿ ಸಾಕಿದ್ರು. ಎಡೆ ಇಲ್ಲಿಟ್ಟು ಅವು ಬರ್ಲಿಲ್ಲ ಅಂದ್ರೆ ಅವುಗಳದೇನು ತಪ್ಪು?"

ಒಮ್ಮೆ ಇಟ್ಟ ಎಡೆಯನ್ನು ಎತ್ತಬಹುದೋ ಬಾರದೋ ಎಂದು ಚನ್ನಕ್ಕ ಶಾಸ್ತ್ರ ತೆಗೆಯುವ ಮೊದಲೇ ಲಕ್ಷ್ಮಿದೇವಮ್ಮ ಕುರ್ಚಿಯಿಂದ ಎದ್ದು, ಸೊಂಟದಲ್ಲಿದ್ದ ಮಾಕಳಿ ಮನೆಯ ಬೀಗದಕೈ ತಡವಿಕೊಂಡು ಮೆಟ್ಟಿಲ ಕಡೆ ನಡೆದಳು. ಅಲ್ಲಿಗೆ ಶಾಸ್ತ್ರ ಮುಗಿಯಿತು. ವೇದಾಳ ಅಮ್ಮ ಶಾಂತಲಾ ಮನೆಯವರ ಊಟವನ್ನು ಕ್ಯಾರಿಯರಿಗೆ ತುಂಬಿದಳು. ಕಾರಿನ ಹಿಂದಿನ ಸೀಟಿನಲ್ಲಿ ವೇದಾಳ ತೊಡೆಯ ಮೇಲೆ ದೊಡ್ಡ ತಟ್ಟೆ, ಅದರಲ್ಲಿ ಎಲೆ, ಎಲೆಯ ಮೇಲೆ ಅಜ್ಜನ ಊಟ. ಪಕ್ಕದಲ್ಲಿ ಚನ್ನಕ್ಕ, ಕೈಯಲ್ಲಿ ಬಾಟಲಿ. ಮುಚ್ಚಳ ತಾರಸಿಯಲ್ಲೇ ಉಳಿದುಬಿಟ್ಟಿತ್ತು. ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಿದ್ದಳು.

ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸನೊಬ್ಬ ಕಿಟಕಿಯಲ್ಲಿ ಬಗ್ಗಿ, ಬಾಟಲಿಯನ್ನೂ ಚನ್ನಕ್ಕನ ಹಣೆಯ ವಿಭೂತಿಯನ್ನೂ ಒಂದರ ನಂತರ ಒಂದು ನೋಡಿದ. ಇದು ಯಾರಿಗೆ ಎಂದು ಕೇಳಿದ್ದಕ್ಕೆ ನಮ್ಮಣ್ಣನಿಗೆ ಎಂದಳು. ಅಣ್ಣ ಎಲ್ಲಿದ್ದಾನೆ ಎಂದದ್ದಕ್ಕೆ ಹೋಗಿ ವರ್ಷವಾಯಿತು, ಇನ್ನೂ ಊಟಕ್ಕೆ ಬಂದಿಲ್ಲ, ಅದಕ್ಕೇ ನಾವೇ ಹೊರಟಿದ್ದೇವೆ ಎಂದಳು. ಪೊಲೀಸ ಟೋಪಿ ತೆಗೆದು ತಲೆ ಕೆರೆದುಕೊಂಡು ದಾರಿ ಬಿಟ್ಟ.

ಮಾಕಳಿಯ ಶೆಡ್ಡಿನ ಹಿಂದಿನ ಹೊಂಗೆಮರದಲ್ಲಿ ಕಾಗೆಗಳು ನಿಜವಾಗಿಯೂ ಇದ್ದವು. ಅಜ್ಜ ಕೂರುತ್ತಿದ್ದ ಕಲ್ಲಿನ ಮುಂದೆ ಎಡೆ ಇಟ್ಟು ಎಲ್ಲರೂ ದೂರ ಸರಿದರು. ಕಾಗೆಗಳು ಕತ್ತು ವಾರೆ ಮಾಡಿ ನೋಡಿದವು, ನೋಡಿ ಸುಮ್ಮನಾದವು. ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಲಕ್ಷ್ಮಿದೇವಮ್ಮ ಮನೆಯ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಹಣೆಯಲ್ಲಿ ಬೆವರು ಮೂಡಿದ್ದನ್ನೂ ಬೆರಳು ನಡುಗುತ್ತಿದ್ದುದನ್ನೂ ವೇದಾ ಕಂಡಳು. ಈಗ ಅವಳಿಗೆ ನಿಜವಾಗಿ ಭಯವಾಯಿತು. ಕಾರಿನಲ್ಲಿ ತಂದಿದ್ದ ಸಕ್ಕರೆ ನೀರನ್ನು ಬಾಯಿಗೆ ಹಿಡಿದರೆ ಮುದುಕಿ ತುಟಿ ಬಿಗಿದುಕೊಂಡಳು.

ಮಿಷಿನ್ ಓಡದೆ ಅವು ಇಳಿಯುವುದಿಲ್ಲ, ಆ ಸದ್ದೇ ಅವುಗಳಿಗೆ ಊಟದ ಗಂಟೆ ಎಂದು ವಹಾಬ್ ಸಾಹೇಬರು ಹೇಳಿ, ಇಂಜಿನ್ನಿನ ಮೇಲಿನ ಗೋಣಿಚೀಲ ಎಳೆದರು. ಒಂದು ವರ್ಷದ ಧೂಳು ಎದ್ದಿತು. ಡೀಸೆಲ್ ಸುರಿದು, ಪೈಪಿನ ಗಾಳಿ ತೆಗೆದು, ಎಣ್ಣೆ ಬಿಟ್ಟರು. ಅವರ ಭುಜ ಸೋತಿತ್ತು, ಹ್ಯಾಂಡಲ್ ತಿರುಗಿಸುವಂತಿರಲಿಲ್ಲ. ಅಶ್ವತ್ಥ್ ಪಂಚೆ ಎತ್ತಿಕಟ್ಟಿ, ಅಪ್ಪನ ಮಗ ನಾನು ಎಂಬ ಗತ್ತಿನಲ್ಲಿ ಹ್ಯಾಂಡಲ್ ಹಿಡಿದ. ಇಂಜಿನ್ ಒಂದು ಸಲ ಕೆಮ್ಮಿ ಹ್ಯಾಂಡಲನ್ನು ಹಿಂದಕ್ಕೆ ಒದೆಯಿತು. ಅಪ್ಪನ ಮಗ ಎಣ್ಣೆಯ ಮಡುವಿನಲ್ಲಿ ಕೂತ.

ವೇದಾ ದುಪಟ್ಟಾ ಸೊಂಟಕ್ಕೆ ಬಿಗಿದು ಮುಂದೆ ಬಂದಳು. ಓಡಿಸುವುದು ಅವಳ ಕೆಲಸವಾಗಿರಲಿಲ್ಲ, ಆದರೆ ಸಾವಿರ ಸಲ ನೋಡಿದ್ದಳು. ಮೊದಲು ತಿರುಗಿಸಿದಾಗ ಬರೀ ಹೊಗೆ. ಮತ್ತೆ ತಿರುಗಿಸಿದಾಗ ಬರೀ ಕೆಮ್ಮು. ಜಗಲಿಯ ಕಡೆ ನೋಡಿದಳು. ಅಜ್ಜಿ ಕಣ್ಣು ಮುಚ್ಚಿದ್ದಳು. ವೇದಾ ಇಂಜಿನ್ನಿನ ಎದುರು ಕುಕ್ಕರಗಾಲಲ್ಲಿ ಕೂತು, ಅಜ್ಜ ಬೈಯುತ್ತಿದ್ದ ದನಿಯಲ್ಲೇ ಬೈದಳು.

"ಸಾಕು ಮುನಿಸು. ಅಲ್ಲಿ ಮುದುಕಿ ಉಪವಾಸ ಕೂತವ್ಳೆ. ಅವಳು ಬಿದ್ರೆ ನಿನ್ನ ಗುಜರಿಗೆ ಹಾಕ್ತೀನಿ ನೋಡು."

ಎದ್ದು, ಎರಡೂ ಕೈಯಲ್ಲಿ, ಮೈಯೆಲ್ಲ ಬಳಸಿ ತಿರುಗಿಸಿದಳು. ತಿರುಗಿಸಲು ಹಗುರವಾಗಲೆಂದು ಎತ್ತಿ ಹಿಡಿದಿದ್ದ ಮೇಲಿನ ಲಿವರನ್ನು ವಹಾಬ್ ಸಾಹೇಬರು ಸರಿಯಾದ ಗಳಿಗೆಗೆ ಬಿಟ್ಟರು. ಇಂಜಿನ್ ಒಮ್ಮೆ ನಡುಗಿ, ಕಪ್ಪು ಹೊಗೆ ಉಗುಳಿ, ಡುಬ್ ಡುಬ್ ಡುಬ್ ಎಂದು ಹತ್ತಿಕೊಂಡಿತು. ತಗಡೆಲ್ಲ ಅದುರಿತು.

ಹೊಂಗೆಮರ ಖಾಲಿಯಾಯಿತು. ಕಾಗೆಗಳು ಒಂದರ ಮೇಲೊಂದು ಬಿದ್ದು ಇಳಿದವು. ಮೊದಲು ವಡೆ ಹೋಯಿತು, ಆಮೇಲೆ ಕಜ್ಜಾಯ, ಆಮೇಲೆ ಮಟನ್ನು. ಒಂದು ಮುದಿ ಕಾಗೆ ಬಾಟಲಿಯ ಬಾಯಿಗೆ ಕೊಕ್ಕು ಹಾಕಿ ನೋಡಿದ್ದನ್ನು ಕಂಡು ಚನ್ನಕ್ಕ ಅಣ್ಣಾ ಎಂದು ಜೋರಾಗಿ ಅತ್ತಳು. ಎಣ್ಣೆಯ ಪಂಚೆಯಲ್ಲೇ ಅಶ್ವತ್ಥ್ ಕೈಮುಗಿದು ನಿಂತ. ವಹಾಬ್ ಸಾಹೇಬರು ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡರು.

ವೇದಾ ಕ್ಯಾರಿಯರ್ ಹಿಡಿದು ಜಗಲಿಗೆ ಓಡಿದಳು. ಅಜ್ಜ ಉಂಡನಲ್ಲ, ಈಗಲಾದರೂ ತಿನ್ನು ಎಂದಳು. ಅಜ್ಜಿ ತಲೆಯಲ್ಲಾಡಿಸಿದಳು. ವೇದಾಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಇನ್ನೇನು ಉಳಿದಿದೆ ಎಂದು ಕೇಳಿದಳು.

"ಅವಳಿನ್ನೂ ಓಡ್ತಾವ್ಳಲ್ಲ," ಎಂದಳು ಲಕ್ಷ್ಮಿದೇವಮ್ಮ, ಶೆಡ್ಡಿನ ಕಡೆ ಗಲ್ಲ ಎತ್ತಿ. "ಅವಳು ಮಲಗಿದ್ ಮ್ಯಾಲೆ ತಾನೆ ಅವರು ಮನೆಗ್ ಬರ್ತಿದ್ದುದು. ಸದ್ದು ನಿಂತ್ರೆ ನಾನು ತಟ್ಟೆ ಇಡ್ತಿದ್ದೆ. ಮದ್ವೆ ಆಗಿ ಬಂದಾಗಿಂದ ಇಂಗೇ."

ವೇದಾ ಶೆಡ್ಡಿಗೆ ವಾಪಸ್ ನಡೆದಳು. ಒಳಗೆ ಡೀಸೆಲ್ಲಿನ ವಾಸನೆ ತುಂಬಿತ್ತು. ನೆಲ ಅದುರುತ್ತಿತ್ತು. ಈ ಸದ್ದು ಇರುವ ತನಕ ಅಜ್ಜ ಇಲ್ಲೇ ಎಲ್ಲೋ ಇದ್ದ, ಕಲ್ಲಿನ ಮೇಲೆ, ಕೈ ಒರೆಸುವ ಬಟ್ಟೆ ಹುಡುಕುತ್ತಾ. ನಿಲ್ಲಿಸಿದರೆ ಯಾರೂ ಎದ್ದು ಬರುವುದಿಲ್ಲ. ಓಡಿಸಲು ಅಷ್ಟು ಹೆಣಗಿದವಳಿಗೆ ಈಗ ನಿಲ್ಲಿಸಲು ಕೈ ಬರಲಿಲ್ಲ. ಇನ್ನು ಸ್ವಲ್ಪ ಹೊತ್ತು ಓಡಲಿ ಎನ್ನಿಸಿತು, ಸಂಜೆಯ ತನಕ, ಡೀಸೆಲ್ ಮುಗಿಯುವ ತನಕ.

ಜಗಲಿಯಲ್ಲಿ ಮುದುಕಿ ಕಾಯುತ್ತಿದ್ದಳು.

ವೇದಾ ವೇಗ ಇಳಿಸಿದಳು. ಇಂಜಿನ್ನಿನ ಮೈಮೇಲೆ ಕೈಯಿಟ್ಟು, ಅದು ಉಸಿರಾಡಲು ಬಿಟ್ಟಳು. ಆಮೇಲೆ ಲಿವರ್ ಎಳೆದಳು. ಡುಬ್ ಎಂದಿತು, ತಡೆದು ಇನ್ನೊಮ್ಮೆ ಡುಬ್ ಎಂದಿತು, ಮಲಗಿತು. ತುಮಕೂರು ರಸ್ತೆಯ ಲಾರಿಗಳ ಸದ್ದು ಒಳಗೆ ಬಂತು. ಅವಳ ಬಲಗೈ ತನ್ನಷ್ಟಕ್ಕೆ ತಾನೇ ಒಂದು ಬೆರಳಿಗಾಗಿ ಪಕ್ಕದಲ್ಲಿ ತಡಕಾಡಿತು.

ಹಿಂದಿನ ಮನೆಯಲ್ಲಿ ಬೀಗ ತೆಗೆದ ಸದ್ದಾಯಿತು. ಆಮೇಲೆ ಅಡುಗೆಮನೆಯ ನೆಲದ ಮೇಲೆ ತಟ್ಟೆ ಇಡುವ ಸದ್ದು, ಒಂದಲ್ಲ, ಎರಡು.

"ಬಾ ಕೂಸೆ, ಆರೋಗ್ತೈತೆ," ಎಂದು ಲಕ್ಷ್ಮಿದೇವಮ್ಮ ಒಳಗಿನಿಂದ ಕರೆದಳು.

ವೇದಾ ಕೈ ಒರೆಸಿಕೊಂಡು ಊಟಕ್ಕೆ ಹೋದಳು.