ಅಜ್ಜನಿಗೆ ಹೊಲಿದ ಎಡಗೈ

ನಾನು ಒಂದು ಬಟ್ಟೆ ಚೀಲ. ಬಣ್ಣ ಕಪ್ಪು, ಬಾಯಿ ಅಗಲ, ಸಿಟ್ಟು ಮೂಗಿನ ತುದಿಯಲ್ಲಿ. ಚೀಲಕ್ಕೆಲ್ಲಿಯ ಮೂಗು ಎಂದು ನೀವು ಕೇಳಬಹುದು. ಇಲ್ಲದ ಅಂಗವನ್ನು ಅಂಟಿಸುವುದರಲ್ಲಿ ನಮ್ಮ ಮನೆಯವರು ಎಂಥ ಗಟ್ಟಿಗರು ಎಂಬುದನ್ನು ಮುಂದೆ ಹೇಳುತ್ತೇನೆ. ಅದನ್ನು ಕೇಳಿದ ಮೇಲೆ ನನ್ನ ಮೂಗು ನಿಮಗೆ ದೊಡ್ಡ ವಿಷಯ ಅನ್ನಿಸುವುದಿಲ್ಲ.

ಚೀಲವಾಗುವ ಮೊದಲು ನಾನು ಸೀರೆಯಾಗಿದ್ದೆ. ಗದಗಿನ ಫಕೀರಪ್ಪಜ್ಜನ ಹೆಂಡತಿ ಹಬ್ಬಕ್ಕೆ ಉಡುತ್ತಿದ್ದ ಕೈಮಗ್ಗದ ಕರಿ ಸೀರೆ. ಆಕೆ ತೀರಿಕೊಂಡ ಮೇಲೆ ಬಹಳ ವರ್ಷ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿದ್ದೆ. ಒಂದು ದಿನ ಮಗಳು ಸುನಂದಾ ನನ್ನನ್ನು ಹೊರಗೆ ತೆಗೆದು, ಸವೆದದ್ದನ್ನು ಬಿಟ್ಟು ಗಟ್ಟಿ ಇದ್ದಲ್ಲಿ ಕತ್ತರಿ ಆಡಿಸಿದಳು. ಕತ್ತರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಟ್ರಂಕಿಗಿಂತ ಪೇಟೆ ಎಷ್ಟೋ ಮೇಲು.

ಸುನಂದಾ ಕಸೂತಿ ಕೆಲಸದವಳು. ಕಸೂತಿ ಎಂದರೆ ಸುಮ್ಮನೆ ಅಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು, ದಾರಕ್ಕೆ ಎಲ್ಲಿಯೂ ಗಂಟು ಹಾಕಬಾರದು, ಒಳಗೂ ಹೊರಗೂ ಒಂದೇ ಥರ ಕಾಣಬೇಕು. ಆಕೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂತು ಹೊಲಿಯುತ್ತಿದ್ದರು. ಆ ವರ್ಷ ಅಲ್ಲಿಗೆ ಹೊಸ ಕೆಲಸ ಬರತೊಡಗಿತ್ತು. ಮಕ್ಕಳು ಗೀಚಿದ ಚಿತ್ರಗಳನ್ನು ತಂದೆತಾಯಿ ತಂದುಕೊಡುವುದು, ಇವರು ಅದನ್ನು ಚೀಲದ ಮೇಲೆ, ದಿಂಬಿನ ಮೇಲೆ ಹೊಲಿದುಕೊಡುವುದು, ಅದು ಅಜ್ಜ ಅಜ್ಜಿಯರಿಗೆ ಉಡುಗೊರೆಯಾಗುವುದು.

ವಿಚಾರ ಚೆನ್ನಾಗಿಯೇ ಇತ್ತು. ಆದರೆ ಎಡಬಲ ಸರಿಹೊಂದದಿದ್ದರೆ ಈ ಕಸೂತಿಯವರಿಗೆ ತಿಂದ ರೊಟ್ಟಿ ಮೈಗೆ ಹತ್ತುವುದಿಲ್ಲ. ಒಂದು ಮಗು ಐದು ಕಾಲಿನ ಎಮ್ಮೆ ಬರೆದಿತ್ತು. ಇವರು ನಗುತ್ತ ನಾಲ್ಕು ಮಾಡಿದರು. ಆ ಐದನೆಯ ಕಾಲು ಹಿಂದೆ ಅಡಗಿ ನಿಂತ ಕರುವಿನದಂತೆ. ಮಗು ಆಮೇಲೆ ಅತ್ತುಕೊಂಡು ಹೇಳಿತು. ಇನ್ನೊಬ್ಬಳ ಓರೆ ಮನೆ ನೆಟ್ಟಗಾಯಿತು, ಮತ್ತೊಬ್ಬನ ಹಸಿರು ಸೂರ್ಯ ಹಳದಿಯಾದ. ಬರೆದವರನ್ನು ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನಾನು ಕತ್ತರಿಸಿದ ಬಟ್ಟೆಯ ರಾಶಿಯಲ್ಲಿ ಕೂತು ಕುದಿಯುತ್ತಿದ್ದೆ. ನನ್ನ ಸರದಿ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಫಕೀರಪ್ಪಜ್ಜನಿಗೆ ಎಪ್ಪತ್ತೈದು ತುಂಬುವುದಿತ್ತು. ಸುನಂದಾಳ ಅಣ್ಣನ ಮಗಳು ಸಿಂಚನಾ, ಆಗಿನ್ನೂ ಒಂದನೇ ಇಯತ್ತೆ ಓದುತ್ತಿದ್ದವಳು, ಅಜ್ಜನ ಚಿತ್ರ ಬರೆದುಕೊಟ್ಟಳು. ಅದನ್ನು ನನ್ನ ಮೇಲೆ ಹೊಲಿದು ಅಜ್ಜನಿಗೆ ಕೊಡುವುದೆಂದು ನಿಶ್ಚಯವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಅಜ್ಜ ಹರೆಯದಲ್ಲಿ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲಸ ಮಾಡುವಾಗ ಯಂತ್ರಕ್ಕೆ ಸಿಕ್ಕು ಅವನ ಎಡಗೈ ಮೊಣಕೈಯಿಂದ ಕೆಳಗೆ ಹೋಗಿತ್ತು. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಫೋಟೋ ತೆಗೆಸುವಾಗ ಯಾರಾದರೊಬ್ಬರು ಓಡಿಬಂದು ಅವನ ಎಡಹೆಗಲ ಮೇಲೆ ಶಾಲು ಹೊದಿಸುತ್ತಿದ್ದರು. ಅಜ್ಜನೂ ಅಂಗಿಯ ಖಾಲಿ ತೋಳನ್ನು ಕಿಸೆಯೊಳಗೆ ತುರುಕಿಕೊಂಡೇ ಹೊರಡುತ್ತಿದ್ದ. ಆ ಮೋಟುಗೈಯನ್ನು ಕೈ ಎಂದು ತಿಳಿದವಳು ಸಿಂಚನಾ ಒಬ್ಬಳೇ. ಕಿಸೆಯಿಂದ ತೋಳು ಎಳೆದು ತೆಗೆದು, ಆ ಮೊಂಡನ್ನು ಎರಡೂ ಕೈಯಿಂದ ಅಪ್ಪಿ ಹಿಡಿದುಕೊಂಡೇ ಅವಳು ಪೇಟೆಗೆ ಹೋಗುತ್ತಿದ್ದಳು.

ಚಿತ್ರದಲ್ಲಿಯೂ ಹಾಗೆಯೇ ಇತ್ತು. ಬಲಗೈ ಕಡ್ಡಿಯಷ್ಟು ಸಣ್ಣ. ಎಡಗೈ ಗಿಡ್ಡ, ದಪ್ಪ, ತುದಿ ಗುಂಡಗೆ, ತುಂಬ ಕೆಂಪು ಬಣ್ಣ. ಆ ಬದಿಗೆ ಕಾಗದ ಖಾಲಿ ಇತ್ತು.

ಸುನಂದಾ ಮೊದಲು ಇದ್ದದ್ದನ್ನು ಇದ್ದಂತೆಯೇ ಹೊಲಿದಳು. ನನಗೆ ಹಿಗ್ಗೋ ಹಿಗ್ಗು. ಸೀರೆಯಾಗಿದ್ದಾಗಿನಿಂದ ನಾನು ಆ ಕೈಯನ್ನು ಬಲ್ಲೆ. ಆಮೇಲೆ ಆಕೆ ನನ್ನನ್ನು ದೂರ ಹಿಡಿದು ಕತ್ತು ಓರೆ ಮಾಡಿ ನೋಡಿದಳು. ಈ ಕಡೆ ಖಾಲಿ ಖಾಲಿ ಕಾಣುತ್ತದೆ ಎಂದಳು. ಬೇರೊಂದು ಎಳೆ ಕೆಂಪು ದಾರ ಪೋಣಿಸಿದಳು. ಗಿಡ್ಡ ಕೈ ಉದ್ದವಾಗತೊಡಗಿತು. ನಾನು ಎಳೆ ಬಿಗಿಹಿಡಿದು ಸೂಜಿಗೆ ಅಡ್ಡ ನಿಂತೆ. ಸೂಜಿ ಮುರಿಯಿತು. ಆಕೆ ಇನ್ನೊಂದು ಸೂಜಿ ತಂದಳು. ಅಂಗೈ ಬಂತು, ಐದು ಬೆರಳು ಬಂದವು, ಸಾಲದ್ದಕ್ಕೆ ಒಂದು ಬೆರಳಿಗೆ ಉಂಗುರ ಕೂಡ ಬಂತು! ಆ ಉಂಗುರ ಹೊಲಿಯುವಾಗ ಆಕೆಯ ಕಣ್ಣು ತುಂಬಿದ್ದವು. ಪ್ರೀತಿಯಿತ್ತು, ಇಲ್ಲವೆನ್ನುವುದಿಲ್ಲ. ಪ್ರೀತಿಯಿದೆ ಎಂದು ಮಗುವಿನ ಚಿತ್ರವನ್ನು ತಿದ್ದಬಹುದೇ? ನನ್ನನ್ನು ಒಂದು ಸುಳ್ಳಿನ ಬೋರ್ಡು ಮಾಡಬಹುದೇ?

ಹುಟ್ಟುಹಬ್ಬದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜ ನನ್ನನ್ನು ಒಂದು ಗಳಿಗೆ ನೋಡಿ ಛಲೋ ಆಗೇತಿ ಎಂದು ಮಡಿಲಲ್ಲಿ ಇಟ್ಟುಕೊಂಡ. ಸಿಂಚನಾ ಮಾತ್ರ ನನ್ನ ಹತ್ತಿರ ಬಂದು, ಆ ಐದು ಬೆರಳುಗಳನ್ನು ಮುಟ್ಟಿ, ಇದು ನಮ್ಮಜ್ಜ ಅಲ್ಲ ಅಂದಳು. ಸುನಂದಾ ಅವಳನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ಅದನ್ನ ಹಂಗ ತೋರಸಬಾರದವ್ವಾ. ಅಜ್ಜಗ ಬ್ಯಾಸರ ಆಕ್ಕೈತಿ."

ಮರುದಿನದಿಂದ ಅಜ್ಜ ನನ್ನನ್ನು ಮೋಟುಗೈಗೆ ಸಿಕ್ಕಿಸಿಕೊಂಡು ಪೇಟೆಗೆ ಹೊರಟ. ಸಿಂಚನಾ ಬಂದಳು, ಆದರೆ ಬಲಗಡೆಗೆ. ಅಜ್ಜ ಎಡಗಡೆಗೆ ಬಾ ಎಂದು ಕರೆದರೆ ತಲೆಯಾಡಿಸಿ ಅವನ ಬಲಗೈ ಹಿಡಿದಳು. ಹೀಗೆಯೇ ಎಷ್ಟೋ ದಿನ ನಡೆಯಿತು. ಆ ಬದಿಗೆ ಈಗ ನಾನೊಬ್ಬನೇ ಜೋತಾಡುತ್ತಿದ್ದೆ, ಮೈಮೇಲೆ ಉಂಗುರದ ಕೈ ಹೊತ್ತುಕೊಂಡು. ನನಗೆ ನಾಚಿಕೆಯಾಗುತ್ತಿತ್ತು. ಅಜ್ಜ ಖಾಲಿ ತೋಳನ್ನು ಮತ್ತೆ ಕಿಸೆಗೆ ತುರುಕತೊಡಗಿದ. ಕೊನೆಗೆ ಒಂದು ದಿನ ತಾಳಲಾರದೆ, ಯಾಕವ್ವಾ ಹೀಗೆ ಎಂದು ಅವಳನ್ನೇ ಕೇಳಿದ. ಅದನ್ನು ಹಿಡಿದರೆ ನಿನಗೆ ಬ್ಯಾಸರ ಆಕ್ಕೈತಂತ, ಅತ್ತಿ ಹೇಳ್ಯಾಳ, ಅಂದಳು.

ಅಜ್ಜ ಕಾಯಿಪಲ್ಯೆ ಕೊಳ್ಳದೆಯೇ ತಿರುಗಿದ. ನೆಟ್ಟಗೆ ಸುನಂದಾಳ ಪಡಸಾಲೆಗೆ ಬಂದು ನನ್ನನ್ನು ಅವಳ ಮುಂದೆ ಹಾಸಿದ.

"ಈ ಕೈ ನಂದಲ್ಲವ್ವಾ. ತಗೀ ಇದನ್ನ."

ಸುನಂದಾ ತಡವರಿಸಿದಳು. ಛಂದ ಕಾಣಲಿ ಅಂತ ಹಾಕಿದ್ದು ಎಂದಳು. ಹೊಲಿಯುತ್ತಿದ್ದ ಹೆಂಗಸರು ಸೂಜಿ ನಿಲ್ಲಿಸಿದರು.

"ಇಲ್ಲದ ಕೈ ನಾ ಎಂದಾರ ಬೇಡಿದ್ನೇನು?" ಅಂದ ಅಜ್ಜ. "ಇದ್ದದ್ದನ್ನ ಈ ಹುಡುಗಿ ಹಿಡಿಯೂದು ಬಿಟ್ಟಾಳ."

ಸುನಂದಾ ದಾರದ ಡಬ್ಬಿ ತೆರೆದಳು. ಸೂಜಿಯೊಂದನ್ನು ಸಿಂಚನಾಳ ಕೈಗೆ ಕೊಟ್ಟು, ದಾರ ಎಲ್ಲಿ ಮುಗಿದಿದೆ ಎಂದು ಬೆರಳಿಟ್ಟು ತೋರಿಸಿದಳು. ಅಜ್ಜ ಮೋಟುಗೈಯಿಂದ ನನ್ನನ್ನು ತೊಡೆಗೆ ಒತ್ತಿ ಹಿಡಿದ, ಬಲಗೈಯಿಂದ ಬಿಗಿ ಮಾಡಿದ. ಹುಡುಗಿ ನಾಲಿಗೆ ಕಚ್ಚಿಕೊಂಡು ಒಂದೊಂದೇ ಹೊಲಿಗೆ ಎಬ್ಬಿಸಿದಳು. ಗಂಟಿಲ್ಲದ ದಾರ ಬಂದ ದಾರಿಯಲ್ಲಿಯೇ ಹಿಂದೆ ಹೋಯಿತು. ಉಂಗುರ ಹೋಯಿತು, ಬೆರಳು ಹೋದವು, ಗುಂಡಗಿನ ಕೆಂಪು ತುದಿ ಉಳಿಯಿತು. ಅಂದು ಸಂಜೆ ನಾವು ಮೂವರೂ ಮತ್ತೆ ಪೇಟೆಗೆ ಹೋದೆವು. ಸಿಂಚನಾ ಎಡಗಡೆಗೇ ನಡೆದಳು. ದಾರಿಯುದ್ದಕ್ಕೂ ಅವಳ ಎರಡೂ ಕೈ ನನ್ನ ಹಿಡಿಕೆಯನ್ನೂ ಸೇರಿಸಿ ಆ ಮೊಂಡನ್ನು ಅಪ್ಪಿ ಹಿಡಿದಿದ್ದವು.

ಈಗ ನನಗೆ ವಯಸ್ಸಾಗಿದೆ. ಬಟಾಟೆ ಉಳ್ಳಾಗಡ್ಡಿ ಹೊತ್ತು ತಳ ಸವೆದಿದೆ. ಅಜ್ಜ ಹೋಗಿ ಎರಡು ದೀಪಾವಳಿ ಕಳೆದವು. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿದ್ದೇನೆ. ದಾರ ಹೋದಲ್ಲಿ ಸೂಜಿಯ ತೂತುಗಳು ಮಾತ್ರ ಹಾಗೆಯೇ ಇವೆ. ಬಂದವರೆಲ್ಲ ಅಯ್ಯೋ ನುಸಿ ಹಿಡಿದಿದೆ ಎನ್ನುತ್ತಾರೆ. ನುಸಿಯಂತೆ! ನೋಡಲು ಬಾರದವರಿಗೆ ಎಲ್ಲವೂ ಕೆಟ್ಟುಹೋದದ್ದೇ, ಎಲ್ಲವನ್ನೂ ಇವರೇ ಸರಿ ಮಾಡಬೇಕು.

ಮೊನ್ನೆ ಸುನಂದಾ ಬಂದಿದ್ದಳು. ಕನ್ನಡಕ ಏರಿಸಿ ನನ್ನನ್ನು ಮೊಳೆಯಿಂದ ತೆಗೆದು, ಕತ್ತು ಓರೆ ಮಾಡಿದಳು. ಈ ಕಡೆ ಖಾಲಿ ಐತಿ, ಒಂದು ಹೂಬಳ್ಳಿ ಹಾಕಿಕೊಡ್ತೀನಿ ಎಂದು ದಾರ ಪೋಣಿಸಿಯೇಬಿಟ್ಟಳು. ನಾನು ಇದ್ದ ನಾಲ್ಕು ಎಳೆಯನ್ನೇ ಬಿಗಿಹಿಡಿದೆ. ಆಗ ಕಾಲೇಜಿನಿಂದ ಬಂದ ಸಿಂಚನಾ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ನನ್ನನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಅದು ಖಾಲಿ ಅಲ್ಲ ಅತ್ತಿ," ಅಂದಳು. "ಅಲ್ಲೆ ನಾ ಇರತಿದ್ದೆ."

ಸುನಂದಾ ಆ ತೂತುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಸೂಜಿಯಿಂದ ದಾರ ಎಳೆದು ತೆಗೆದು, ಬೆರಳಿಗೆ ಸುತ್ತಿ ಡಬ್ಬಿಯೊಳಗೆ ಇಟ್ಟಳು.