ಕೆಂಪು ನಿಂತ ದಿನ

ರಂಗಮ್ಮ ತೀರಿಕೊಂಡ ಒಂಬತ್ತನೇ ದಿನ ಮಗಳು ಚಿಕ್ಕಗೌರಮ್ಮ ಕಾಲೇಜಿಗೆ ಹೊರಟಾಗ ತಿಪಟೂರಿನ ಆ ಬೀದಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ತಿಥಿಗೆ ಇನ್ನೂ ಎರಡು ದಿನ ಇದೆ, ಸೂತಕ ಕಳೆದು ತಲೆಗೆ ಎಣ್ಣೆ ಬಿದ್ದಿಲ್ಲ, ಆಗಲೇ ಪಾಠದ ಆತುರ ನೋಡಿ ಎಂದರು. ಆಡಿಕೊಳ್ಳುವವರ ಬಾಯಿ ಹಿಡಿಯುವವರು ಯಾರು? ಪಾಠ ಮಾಡುವುದಕ್ಕೆ ಅವಳು ರಜೆ ಹಾಕಿದ್ದಳು. ಹೊರಟದ್ದು ಪ್ರಯೋಗಕ್ಕೆ. ಶುದ್ಧ ಮಾಡಿಟ್ಟ ರಾಸಾಯನಿಕಗಳು ಅವ್ವನ ತಿಥಿಗೆಲ್ಲ ಕಾಯುವಂಥವಲ್ಲ. ಸಾಲದ್ದಕ್ಕೆ ಬೆಂಗಳೂರಿನ ಪಿಎಚ್.ಡಿ. ಗೈಡು ಕಾಗದ ಬರೆದಿದ್ದರು: ಮೂರು ವರ್ಷವಾಯಿತು, ಈ ಸಲವೂ ಆಗದಿದ್ದರೆ ಈ ವಿಷಯ ಬಿಟ್ಟುಬಿಡಿ.

ಅವಳಿಗೆ ಅಳು ಬಂದಿರಲಿಲ್ಲ. ಮಣ್ಣು ಹಾಕುವಾಗಲೂ ಬರಲಿಲ್ಲ. ಯಾರೋ ಲೋಟ ಕೊಟ್ಟರೆ ಕಾಫಿ ಕುಡಿದಳು, ಯಾರೋ ಕೂರು ಅಂದರೆ ಕೂತಳು. ಮೈಗೆಲ್ಲ ಜೋಮು ಹಿಡಿದಂತಿತ್ತು.

ಅವಳ ಕೆಲಸ ಇಷ್ಟು. ಬಾಚಣಿಗೆ ಮಾಡುವ ಗಡುಸು ಪ್ಲಾಸ್ಟಿಕ್ ಒಂದು, ರಬ್ಬರಿನಂಥ ಮೆತ್ತನೆಯದು ಇನ್ನೊಂದು. ಎರಡಕ್ಕೂ ಆಗಿಬರುವುದಿಲ್ಲ. ಕರಗಿಸಿ ಬೆರೆಸಿದರೂ ಒಳಗೊಳಗೇ ಬೇರೆಯಾಗಿ, ಎಳೆದ ಕೂಡಲೇ ಬಿರಿಯುತ್ತವೆ. ಅರ್ಧ ಇದರ ಜಾತಿ, ಅರ್ಧ ಅದರ ಜಾತಿ ಆಗಿರುವ ಉದ್ದನೆಯ ಸರಪಳಿಯೊಂದನ್ನು ಕಟ್ಟಿ ನಡುವೆ ಬಿಟ್ಟರೆ ಅದು ಎರಡನ್ನೂ ಹಿಡಿದುಕೊಳ್ಳುತ್ತದೆ.

"ಅಂದ್ರೆ ಎರಡು ಮನೇಗೂ ಬೇಕಾದ ಹೆಣ್ಣಿದ್ದಂಗೆ ಅನ್ನು," ಎಂದಿದ್ದಳು ರಂಗಮ್ಮ. ಓದು ಬಾರದ ಹೆಂಗಸು ಒಂದೇ ಸಲಕ್ಕೆ ಹಿಡಿದಿದ್ದಳು. ಗೈಡಿಗೆ ಅರ್ಥ ಮಾಡಿಸಲು ಎಂಟು ಪುಟ ಬೇಕಾಗಿತ್ತು.

ಮೊದಲ ಅರ್ಧ ಬೆಳೆಯುವಾಗ ಗಾಜಿನ ಪಾತ್ರೆಯಲ್ಲಿ ಕೆಂಪು ಬಣ್ಣ ಬರುತ್ತದೆ. ಕೆಂಪು ಇರುವ ತನಕ ಸರಪಳಿಗೆ ಜೀವ, ಎರಡನೆಯದನ್ನು ಜೋಡಿಸಬಹುದು. ತೊಟ್ಟು ನೀರು, ತುಸು ಗಾಳಿ, ಒಂದಿಷ್ಟು ಜಿಡ್ಡು, ಯಾವುದು ಸೇರಿದರೂ ಸತ್ತಿತು. ಹದಿನಾಲ್ಕು ಸಲ ಕೆಂಪು ಬಂದಿತ್ತು, ಹದಿನಾಲ್ಕು ಸಲವೂ ಕಾಲು ಗಂಟೆಯೊಳಗೆ ಕಂದಿಹೋಗಿತ್ತು. ಅವಳು ಗಾಳಿ ಎಳೆಯುವ ಪಂಪನ್ನು ಬೈದಳು, ರಾಸಾಯನಿಕ ಕೊಟ್ಟ ಬೆಂಗಳೂರಿನ ಅಂಗಡಿಯವನನ್ನು ಬೈದಳು, ಮಳೆಗಾಲವನ್ನೂ ಬಿಡಲಿಲ್ಲ.

ರಂಗಮ್ಮ ಮಾತ್ರ ದಿನಾ ಬೆಳಿಗ್ಗೆ ಈ ಮೂವತ್ತೊಂದು ವರ್ಷದ ಮೇಡಮ್ಮನ್ನು ಮುಂದೆ ಕೂರಿಸಿಕೊಂಡು ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟುವುದನ್ನು ತಪ್ಪಿಸಲಿಲ್ಲ. ಸಂಜೆ ಬಾಗಿಲಲ್ಲೇ ಕೇಳುತ್ತಿದ್ದಳು: "ಕೆಂಪು ನಿಂತ್ಕಂತೇನೆ?"

ಆ ಒಂಬತ್ತನೇ ದಿನ ಅಟೆಂಡರ್ ದುರ್ಗಯ್ಯ ಪಂಪು ಹಾಕಿದ. ಪಾತ್ರೆಯ ಗಾಜಿನ ನಲ್ಲಿ ಬಿಗಿಯಾಗಿತ್ತು. ಅವಳ ಬೆರಳು ತಾನಾಗಿ ಬೈತಲೆಗೆ ಹೋಯಿತು. ಸೂಜಿ ಬಟ್ಟೆಯಲ್ಲಿ ಸಿಕ್ಕಿಕೊಂಡರೆ ಈ ಕಡೆಯ ಹೆಂಗಸರು ತಲೆಗೂದಲಲ್ಲಿ ಒಮ್ಮೆ ಆಡಿಸುತ್ತಾರಲ್ಲ, ಹಾಗೆ. ಅವ್ವನಿಂದ ಬಂದ ಅಭ್ಯಾಸ, ನಲ್ಲಿ ಬಿಗಿಯಾದಾಗಲೆಲ್ಲ ಆ ಎಣ್ಣೆಬೆರಳನ್ನೇ ಅದಕ್ಕೆ ಸವರುತ್ತಿದ್ದಳು. ಈ ಸಲ ಬೆರಳು ಎಣ್ಣೆ ಅಂಟದೆ ಒಣಗಿಯೇ ವಾಪಸು ಬಂತು.

ಅವಳು ಆ ಬೆರಳನ್ನೇ ನೋಡುತ್ತ ನಿಂತಳು. ನಲ್ಲಿಗೆಂದೇ ಬೆಂಗಳೂರಿನಿಂದ ತರಿಸಿದ ಗ್ರೀಸು ಮೂರು ವರ್ಷದಿಂದ ಡಬ್ಬಿಯಲ್ಲಿ ಮುಕ್ಕಾಲು ಪಾಲು ಹಾಗೇ ಉಳಿದಿತ್ತು. ಮುಚ್ಚಳ ತೆಗೆದು ಅದನ್ನು ಹಚ್ಚಿದಳು.

ಕೆಂಪು ಬಂತು. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆಯಾಯಿತು.

"ನಿಂತೈತೆ ಕಣ್ರೀ ಮೇಡಮ್ಮೋರೆ!" ದುರ್ಗಯ್ಯ ಕೂಗಿಯೇಬಿಟ್ಟ.

ಅವಳು ಎರಡನೆಯ ದ್ರವವನ್ನು ಒಳಗೆ ಬಿಟ್ಟು ಸ್ಟೂಲಿನ ಮೇಲೆ ಕೂತಳು. ಸಂತೋಷ ಬರಲಿಲ್ಲ, ದುಃಖವೂ ಬರಲಿಲ್ಲ. ಮಾರನೆಯ ದಿನ ಆ ಸರಪಳಿಯನ್ನು ಎರಡು ಪ್ಲಾಸ್ಟಿಕ್‌ಗಳ ಜೊತೆ ಕರಗಿಸಿ ಹಾಳೆ ಎರೆದಳು. ಒಣಗಿದ ಮೇಲೆ ಎಳೆದು ನೋಡಿದಳು. ಬಿರಿಯಲಿಲ್ಲ. ಪುಸ್ತಕದಲ್ಲಿ ತಾರೀಕು ಹಾಕಿ ಬರೆದುಕೊಂಡು ಮನೆಗೆ ಬಂದಳು. ಬಾಗಿಲಲ್ಲಿ ಕೇಳುವವರು ಇರಲಿಲ್ಲ.

ಹನ್ನೊಂದನೇ ದಿನ ತಿಥಿ ಮುಗಿಯಿತು. ಎಣ್ಣೆ ಇಡುವುದು ತಾಯಿಯ ತವರಿನವರ ಶಾಸ್ತ್ರ. ದಂಡಿನಶಿವರದಿಂದ ಬಂದಿದ್ದ ರಂಗಮ್ಮನ ತಂಗಿ ಹೊಂಬಾಳಮ್ಮ ಬಟ್ಟಲು ಹಿಡಿದು ಅವಳನ್ನು ಮುಂದೆ ಕೂರಿಸಿಕೊಂಡಳು.

"ಅಕ್ಕಯ್ಯ ಹೇಳ್ತಿದ್ಲಲ್ಲ, ಅದ್ಯಾವುದೋ ಕೆಂಪು, ಅದು ನಿಂತ್ಕಂತಾ?"

"ನಿಂತ್ಕಂತು ಚಿಕ್ಕವ್ವ."

"ಅಯ್ಯೋ, ಅವಳಿದ್ದಾಗ ನಿಲ್ಬಾರ್ದಾಗಿತ್ತಾ? ದೇವ್ರಿಗೆ ಹರಕೆ ಹೊತ್ಕಂಡಿದ್ಲು ಕಣೇ. ಯಾಕ್ ನಿಲ್ತಿರ್ಲಿಲ್ಲ ಅದು?"

ಚಿಕ್ಕಗೌರಮ್ಮ ಗೋಡೆ ನೋಡಿದಳು. ಹರಕೆ ಹೊತ್ತ ಕೈಯೇ ದಿನಾ ಎಣ್ಣೆ ತಟ್ಟುತ್ತಿತ್ತು. ಅವ್ವನಿಗೆ ಇದು ತಿಳಿಯದೇ ಹೋಯಿತಲ್ಲ ಎಂದು ಮೊದಲು ನೆಮ್ಮದಿಯಾಯಿತು. ಹನ್ನೊಂದು ದಿನದಲ್ಲಿ ಅವಳಿಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ನೆಮ್ಮದಿಪಟ್ಟೆನಲ್ಲ ಎಂದು ಹಿಂದೆಯೇ ನಾಚಿಕೆಯೂ ಆಯಿತು.

"ಗಾಜು ಸರಿ ಇರ್ಲಿಲ್ಲ," ಎಂದಳು.

ಹೊಂಬಾಳಮ್ಮ ಶಾಸ್ತ್ರಕ್ಕೆ ಮೂರು ಬೆರಳು ಎಣ್ಣೆ ಮುಟ್ಟಿಸಿ ಬಟ್ಟಲು ಕೆಳಗಿಡಲು ಹೋದಳು. ಚಿಕ್ಕಗೌರಮ್ಮ ತಿರುಗಿ ಆ ಕೈ ಹಿಡಿದುಕೊಂಡಳು.

"ಇನ್ನೂ ಹಾಕು ಚಿಕ್ಕವ್ವ. ಅವ್ವ ಹಣೆಗೆ ಇಳಿಯೋಗಂಟ ಹಾಕ್ತಿದ್ಲು."